ಸೆರಗಿನ ಹಿಂದೆ ಅವಿತ ಕೂಸು

ರಿಟೈರಾದ ಮೇಲೆ ಕಸ್ತೂರೆವ್ವ ಮೊದಲು ಮಾಡಿದ ಕೆಲಸವೆಂದರೆ, ನೀಲಿ ಅಂಚಿನ ಬಿಳಿ ಸೀರೆಗಳನ್ನೆಲ್ಲ ಟ್ರಂಕಿನ ತಳಕ್ಕೆ ಹಾಕಿ, ಕುಂದಗೋಳದ ಪೇಟೆಯಿಂದ ಬಣ್ಣದ ಇಳಕಲ್ಲ ಸೀರೆಯೊಂದನ್ನು ತಂದು ಉಟ್ಟಿದ್ದು. ಬಿಳಿ ಬಿಟ್ಟರೆ ಯರಗುಪ್ಪಿಯ ಮಕ್ಕಳು ಹತ್ತಿರ ಬಂದಾವು ಎಂಬ ಆಸೆ.

ಮೂವತ್ತು ವರ್ಷ ಆಕೆ ಆ ಊರಿನ ನರ್ಸಬಾಯಿ. ಗಂಡ ಸಣ್ಣ ವಯಸ್ಸಿನಲ್ಲೇ ಹೋಗಿದ್ದ, ಮಕ್ಕಳಿರಲಿಲ್ಲ. ಎಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ನೌಕರಿ ಮುಗಿದಾಗ ತಮ್ಮ ಶಂಭುಲಿಂಗಪ್ಪ ತವರೂರು ತಂಬೂರಿನಿಂದ ಬಂದು, ಗಂಟು ಕಟ್ಟು ನಡಿ ಅಂದ. ನನ್ನ ಕೈಯಾಗ ಹುಟ್ಟಿದ ಮಕ್ಕಳನ್ನು ಬಿಟ್ಟು ಎಲ್ಲಿಗೆ ಬರಲಿ ಎಂದು ಆಕೆ ಉಳಿದುಬಿಟ್ಟಳು. ಅಂದದ್ದು ಸುಳ್ಳಲ್ಲ. ಊರಿನ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದವಳು ಆಕೆಯೇ. ಆದರೆ ಮಕ್ಕಳಿಗೆ ಗೊತ್ತಿದ್ದದ್ದು ಅದಲ್ಲ, ಸೂಜಿ.

ನೌಕರಿಯಲ್ಲಿದ್ದಾಗ ಅದೊಂದು ದುಃಖ ಅನಿಸಿರಲಿಲ್ಲ. ಉಣ್ಣಲೊಲ್ಲದ ಕೂಸಿಗೆ ತಾಯಂದಿರು, ನರ್ಸಬಾಯೀನ ಕರೀಲೇನು ಎಂದು ಅಂಜಿಸುತ್ತಿದ್ದರು. ಆಕೆಯೂ ಹಾದಿಯಲ್ಲಿ ನಿಂತು ಕಣ್ಣು ದೊಡ್ಡದು ಮಾಡಿ, ಸೂಜಿ ಕುದಿಸುವ ಡಬ್ಬಿಯನ್ನು ಗಲಗಲ ಅಲ್ಲಾಡಿಸುವಳು. ತುತ್ತು ಗುಳಕ್ಕನೆ ಒಳಗಿಳಿಯುತ್ತಿತ್ತು. ಒಂದು ತುತ್ತು ಹೆಚ್ಚು ಉಂಡಿತಲ್ಲ, ಅಷ್ಟೇ ಸಾಕು ಎಂದು ನಗುತ್ತ ಮುಂದಿನ ಮನೆಗೆ ಹೋಗುವಳು.

ಈಗ ಶೇಂಗಾ ಉಂಡಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತರೆ ಓಣಿಯೇ ಖಾಲಿಯಾಗುತ್ತಿತ್ತು. ಎರಡೂ ಅಂಗೈ ಬಿಚ್ಚಿ ತೋರಿಸಿದರೂ ಹುಡುಗರು ದೂರದಲ್ಲೇ ನಿಂತು ಆಕೆಯ ಸೊಂಟದ ಕಡೆ ನೋಡುವವು, ಸೂಜಿ ಅಲ್ಲೆಲ್ಲೋ ಸಿಗಿಸಿಕೊಂಡಿದ್ದಾಳೆ ಎನ್ನುವಂತೆ. ಕಡೆಗೆ ಉಂಡಿಗಳನ್ನು ಬಾಜೂ ಮನೆಯ ಗೌರಕ್ಕನ ಕೈಯಿಂದ ಹಂಚಿಸುವಳು. ಗೌರಕ್ಕ ಕೊಟ್ಟರೆ ಗಪಗಪ ತಿನ್ನುವವು. ಒಮ್ಮೆ ಗೌರಕ್ಕ ಚೇಷ್ಟೆ ಮಾಡಿದಳು, "ನೀವು ಓಣ್ಯಾಗ ಬಂದರ ನಮ್ಮ ಎಮ್ಮಿ ಸೈತ ಹಾಲ ಇಳಸಾಂಗಿಲ್ಲ ನೋಡ್ರಿ ಬಾಯಾರ." ಕಸ್ತೂರೆವ್ವನೂ ನಕ್ಕಳು. ಆ ದಿನ ಊಟ ಸೇರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಆಕೆ ಜೋಳ ಹಸನು ಮಾಡುತ್ತ ಕೂತಿದ್ದಾಗ ಗೌರಕ್ಕನ ಐದು ವರ್ಷದ ಮಗಳು ನೀಲಿ ಓಡಿ ಬಂದವಳೇ ಆಕೆಯ ಬೆನ್ನಿಗೆ ಅವಿತಳು. ಸೆರಗು ಎಳೆದು ತಲೆಯ ಮೇಲೆ ಹಾಕಿಕೊಂಡಳು.

"ಅಜ್ಜಿ, ನಾ ಇಲ್ಲಂತ ಹೇಳ."

ಅಜ್ಜಿ ಎಂದು ಆಕೆಯನ್ನು ಯಾರೂ ಕರೆದಿರಲಿಲ್ಲ. ಬೆನ್ನಿಗೆ ಆತುಕೊಂಡ ಪುಟ್ಟ ಎದೆ ಡವಡವ ಬಡಿದುಕೊಳ್ಳುತ್ತಿತ್ತು. ಕಸ್ತೂರೆವ್ವ ಮೊರ ಹಿಡಿದ ಕೈಯನ್ನು ಸಹ ಅಲ್ಲಾಡಿಸಲಿಲ್ಲ. ಯಾರಿಗೆ ಅಂಜಿ ಬಂದಿ ಎಂದು ಕೇಳುವುದಕ್ಕೂ ಮನಸ್ಸಾಗಲಿಲ್ಲ.

ಕೇಳದೆಯೇ ತಿಳಿಯಿತು. ಹೊರಗೆ ಹೊಸ ನರ್ಸಬಾಯಿ, ಗದಗಿನ ಕಡೆಯ ಎಳೆಯ ಹುಡುಗಿ, ಶಾಲೆಗೆ ಹಚ್ಚುವ ಮುಂಚಿನ ಸೂಜಿಗಾಗಿ ನೀಲಿಯನ್ನು ಕೇಳುತ್ತಿದ್ದಳು. ಕೂಸು ಅಜ್ಜನ ಊರಿಗೆ ಹೋಗೇತ್ರಿ ಎಂದು ಗೌರಕ್ಕ ಹೇಳಿಬಿಟ್ಟಳು. ಕೂಸು ಅಳುವುದನ್ನು ಆ ತಾಯಿ ನೋಡಲಾರಳು. ಹುಡುಗಿ ನಂಬಿ ಹೊರಟಳು.

ಇಂಥದೇ ಮಾತನ್ನು ಕಸ್ತೂರೆವ್ವನೂ ಹಿಂದೊಮ್ಮೆ ನಂಬಿ ಹೋಗಿದ್ದಳು. ಅದೇ ಊರಿನ ಲಕ್ಕಪ್ಪನ ಕೂಸು ಆಗ ದನದ ಗೋದಲಿಯಲ್ಲಿ, ಹುಲ್ಲಿನ ಮರೆಯಲ್ಲಿತ್ತು. ಆ ವರ್ಷವೇ ಗಂಟಲಮಾರಿ ರೋಗ ಬಂದು ಉಸಿರು ಕಟ್ಟಿ ತೀರಿಹೋಯಿತು. ಆಮೇಲೆ ಆಕೆ ಯಾವ ತಾಯಿಯ ಮಾತನ್ನೂ ನಂಬಲಿಲ್ಲ. ಯಾವ ಮನೆಯವರು ಮಕ್ಕಳನ್ನು ಎಲ್ಲಿ ಅಡಗಿಸುತ್ತಾರೆಂದು ಊರಿಗೆ ಊರನ್ನೇ ತಿಳಿದುಕೊಂಡಳು. ಆದರೆ ಈಗ ಆ ಚಿಂತೆ ಅವಳದಲ್ಲವಲ್ಲ. ಸರಕಾರವೇ ಸಾಕೆಂದು ಮನೆಗೆ ಕಳಿಸಿದೆ. ಸುಮ್ಮನೆ ಕೂತರಾಯಿತು, ನೀಲಿ ನಾಳೆಯೂ ಬರುತ್ತಾಳೆ, ನಾಡಿದ್ದೂ ಬರುತ್ತಾಳೆ.

ಚಪ್ಪಲಿಯ ಸಪ್ಪಳ ಓಣಿಯ ತಿರುವಿನ ತನಕ ಹೋಯಿತು.

"ಇಲ್ಲೇ ಅದಾಳ ಬಾರವಾ," ಎಂದು ಕಸ್ತೂರೆವ್ವ ಆ ಹುಡುಗಿಯನ್ನು ಕೂಗಿದಳು. ದನಿ ತನ್ನದೋ ಅಲ್ಲವೋ ಅನಿಸಿತು.

ಸೆರಗಿನೊಳಗಿನ ಉಸಿರು ನಿಂತುಹೋಯಿತು. ಕೂಸು ಕೊಸರಿಕೊಳ್ಳುವ ಮೊದಲೇ ಆಕೆಯ ಕೈಗಳು, ಯಾರೂ ಹೇಳದೆ, ಕೂಸನ್ನು ತೊಡೆಗೆ ಎಳೆದು, ಕಾಲು ಒತ್ತಿ, ತೋಳು ಬಿಗಿಹಿಡಿದವು. ಮೂವತ್ತು ವರ್ಷದ ಹಿಡಿತ. ಹೊಸ ನರ್ಸಬಾಯಿ ತಿರುಗಿ ಬಂದು ಚುಚ್ಚುವಾಗ ನೀಲಿ ಸೂಜಿಯತ್ತ ನೋಡಲಿಲ್ಲ, ಚೀರಲೂ ಇಲ್ಲ. ಕಸ್ತೂರೆವ್ವನ ಮುಖವನ್ನೇ ನೋಡುತ್ತಿದ್ದಳು. ಬಿಟ್ಟೊಡನೆ ಎದ್ದು ಹೋದಳು.

ಹೊಸ ನರ್ಸಬಾಯಿ ಆಕೆಯ ಕೈಗುಣವನ್ನು ಹೊಗಳಿ ಹೋದಳು. ಸಂಜೆ ಗೌರಕ್ಕ ಬಂದು, ಸುಳ್ಳು ಹೇಳಿದ್ದಕ್ಕೆ ನಾಚಿ, ಬಾಗಿಲ ಹತ್ತಿರವೇ ನಿಂತಳು. ನೀಲಿ ಈ ಕಡೆಯ ಗೋಡೆಗೂ ಮುಖ ಮಾಡಲೊಲ್ಲಳು ಎಂದು ಹೇಗೋ ಬಾಯಿಬಿಟ್ಟಳು. "ಸಣ್ಣಕೂಸು, ನಾಕ ದಿನದಾಗ ಮರೀತಾಳ ಬಿಡ್ರಿ."

"ಮರಿಯೂದಿಲ್ಲವ್ವಾ. ಮರಿಯೂದಾಗಿದ್ದರ ಇಷ್ಟೊತ್ತಿಗೆ ಓಣಿ ತುಂಬ ನನ್ನ ಮೊಮ್ಮಕ್ಕಳಿರತಿದ್ದರು."

 ಗೌರಕ್ಕ ಹೊರಟಾಗ ಕಸ್ತೂರೆವ್ವ ತಡೆದು ಹೇಳಿದಳು, "ರಾತ್ರಿ ಜ್ವರಾ ಬಂದರ ಗಾಬರಿ ಆಗಬ್ಯಾಡ. ಹಣಿಗೆ ಹಸೀ ಅರಿವಿ ಹಾಕು. ನನ್ನ ಕರಿಯಾಕ ಬರಬ್ಯಾಡ, ಕೂಸು ಅಂಜತೈತಿ."