ಊಟಕ್ಕೆ ಒತ್ತಾಯ್ತದೆ, ಆದ್ರೂ ಓಗಿ

ನಾನು ಮದ್ದೂರಿನ ಕಡೆಯವಳು, ಮಂಡ್ಯದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೋದ ವರ್ಷ ನಮ್ಮ ಕನ್ನಡ ಸಂಘದ ಹುಡುಗರು ಪ್ರಬಂಧ ಸ್ಪರ್ಧೆ ಸಾಕಾಯಿತು ಅಂತ ಹೊಸದೊಂದನ್ನು ಹುಡುಕಿದರು. ಹೋಟೆಲು, ಅಂಗಡಿ, ಛತ್ರಗಳ ಬಗ್ಗೆ ಜನ ಫೋನಿನಲ್ಲಿ ರಿವ್ಯೂ ಬರೆದು ಹಾಕುತ್ತಾರಲ್ಲ, ಅಂಥವನ್ನು ಆರಿಸಿ ಕೊಡುವುದು. ಸ್ಪರ್ಧಿಗಳು ಅವನ್ನು ತಿದ್ದಿ, ಯಾರು ಓದಿದರೂ ತಿಳಿಯುವ ಹಾಗೆ ಮಾಡುವುದು.

ತಿದ್ದಿದ್ದು ಹೇಗಿದೆ ಎಂದು ನೋಡಿ ಅಂಕ ಹಾಕುವ ಕೆಲಸ ನನಗೂ ನನ್ನ ಸಹೋದ್ಯೋಗಿಗೂ ಬಿತ್ತು. ಅವರು ಧಾರವಾಡದ ಕಡೆಯವರು, ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೆಸರು ಮುಚ್ಚಿ ಪ್ರತಿಗಳನ್ನು ಕೊಟ್ಟಿದ್ದರು. ಇಬ್ಬರೂ ಬೇರೆ ಬೇರೆ ಕೂತು ಓದಿದೆವು. ಕೊನೆಗೆ ಉಳಿದದ್ದು ಎರಡು ಪ್ರತಿ. ಅಲ್ಲಿ ಜಗಳ ಹತ್ತಿತು.

ಜಗಳಕ್ಕೆ ಕಾರಣ ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಹೋಟೆಲಿನ ಮೇಲೆ ಯಾರೋ ಪುಣ್ಯಾತ್ಮರು ಬರೆದದ್ದು: ‘ಮುದ್ದೆ ಬೊಂಬಾಟು ಉಪ್ಸಾರು ಸೂಪರ್ ಊಟಕ್ಕೆ ಒತ್ತಾಯ್ತದೆ ಆದ್ರೂ ಓಗಿ’.

ಒಂದು ಪ್ರತಿಯಲ್ಲಿ ಇದು ‘ಊಟ ಬರುವುದು ತಡವಾಗುತ್ತದೆ, ಆದರು ಹೋಗಿ’ ಎಂದಾಗಿತ್ತು. ಇನ್ನೊಂದು ಪ್ರತಿಯ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು, ಅಲ್ಪವಿರಾಮ, ದೀರ್ಘ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಅದರಲ್ಲಿ ‘ಊಟ ಮಾಡುವಂತೆ ಒತ್ತಾಯಿಸುತ್ತಾರೆ, ಆದರೂ ಹೋಗಿ’ ಎಂದಿತ್ತು. ನನಗೆ ನಗು ತಡೆಯಲಾಗಲಿಲ್ಲ.

“ನಗೂದೇನೈತ್ರಿ ಇದರಾಗ?” ಅಂದರು ಸಹೋದ್ಯೋಗಿ. “ಒತ್ತಾಯ ಅಂದ್ರ ಒತ್ತಾಯ. ತಪ್ಪು ಹೆಂಗಾತು?”

“ಅದು ಹೊತ್ತಾಗುತ್ತದೆ ಅಂತ, ಸರ್. ನಮ್ಮ ಕಡೆ ಹಕಾರ ನುಂಗಿಬಿಡ್ತಾರೆ.”

“ನಿಮಗ ನಿಮ್ಮೂರ ಮಾತಂದ್ರ ಪ್ರೀತಿ. ಆ ಇನ್ನೊಬ್ಬ ‘ಆದರೂ’ಗೆ ದೀರ್ಘ ಬಿಟ್ಟಾನ, ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ.”

ನಿಜ, ಬಿದ್ದಿರಲಿಲ್ಲ. ಮತ್ತೆ ನೋಡಿದರೆ ಅಂಥವು ಇನ್ನೂ ಕೆಲವಿದ್ದವು. ನನ್ನೂರಿನ ಮಾತು ಬಲ್ಲ ಕೈ ಎಂದು ತಿಳಿದ ಕೂಡಲೇ ನಾನು ಸಲೀಸಾಗಿ ಅಂಕ ಹಾಕಿದ್ದೆ. ಅವರು ಅಂದವಾದ ಪುಟಕ್ಕೆ ಸೋತಿದ್ದರು. ಹೀಗೆ ಕೂತರೆ ಇತ್ಯರ್ಥವಾಗುವುದಿಲ್ಲ ಅನಿಸಿ, “ಹೋಗಿ ನೋಡೂಣು ನಡೀರಿ” ಅಂದರು ಅವರು. ಭಾನುವಾರ ಬಸ್ಸು ಹತ್ತಿ ಮಳವಳ್ಳಿಯಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದೆವು.

ಹೋಟೆಲೆಂದರೆ ಶೀಟು ಹೊದಿಸಿದ ಒಂದು ಅಂಕಣ, ನಾಲ್ಕು ಬೆಂಚು. ಅಡುಗೆ ಮಾಡುತ್ತಿದ್ದ ಯಜಮಾನಿ ನಮ್ಮನ್ನು ನೋಡಿ ಸೌಟು ಹಿಡಿದೇ ಹೊರಗೆ ಬಂದರು.

“ಬನ್ನಿ ಸಾ, ಬಾಮ್ಮ, ಕುಂತ್ಕಳಿ. ಈಗಿನ್ನೂ ಎಸರು ಮರಳ್ತಾ ಅದೆ. ಊಟಕ್ಕೆ ವಸಿ ಒತ್ತಾಯ್ತದೆ.”

ನಾನು ತುಟಿ ಬಿಗಿಹಿಡಿದು ರಸ್ತೆಯ ಕಡೆ ನೋಡಿದೆ. ಸಹೋದ್ಯೋಗಿ ಕನ್ನಡಕ ತೆಗೆದು ಒರೆಸಿಕೊಂಡರು.

“ಸೋತೆ ಬಿಡ್ರಿ” ಅಂದರು.

ಹೊತ್ತಂತೂ ಆಯಿತು. ಹಸಿವಿಗೆ ನನ್ನ ಗೆಲುವಿನ ಖುಷಿಯೂ ಇಳಿದುಹೋಯಿತು. ಕೊನೆಗೆ ಮುದ್ದೆ ಬಂತು, ಉಪ್ಪುಸಾರು ಬಂತು, ಪಕ್ಕದಲ್ಲಿ ಖಾರ. ರೊಟ್ಟಿ ತಿಂದು ಬೆಳೆದ ನನ್ನ ಸಹೋದ್ಯೋಗಿ ಮೊದಲ ತುತ್ತನ್ನು ಅಗಿಯಲು ಹೋಗಿ, ನನ್ನನ್ನು ನೋಡಿ, ಕಣ್ಣು ಮುಚ್ಚಿ ನುಂಗಿದರು. ಆಮೇಲೆ ತಟ್ಟೆ ಖಾಲಿ ಮಾಡಿದರು. ಅಷ್ಟರಲ್ಲಿ ಯಜಮಾನಿ ಇನ್ನೊಂದು ಮುದ್ದೆ ಹಿಡಿದು ನಿಂತಿದ್ದರು.

“ಬ್ಯಾಡವ್ವಾ, ಹೊಟ್ಟಿ ತುಂಬೇತಿ.”

“ಒಂದ್ ಮುದ್ದೆಗೆ ಯಾರ್ ಸಾ ಒಟ್ಟೆ ತುಂಬೋದು? ಅರ್ಧ ಆಕ್ತೀನಿ, ಉಣ್ಣಿ” ಎಂದು ಇಡೀ ಮುದ್ದೆಯನ್ನೇ ಹಾಕಿಬಿಟ್ಟರು. ನನಗೂ ಬಿತ್ತು.

“ನೋಡ್ರಿ! ಒತ್ತಾಯ!” ಸಹೋದ್ಯೋಗಿ ಬೆಂಚು ಬಡಿದು ನಕ್ಕರು. “ಅದೂ ಸುಳ್ಳಲ್ಲ!”

ವಾಪಸು ಬರುವ ಬಸ್ಸಿನಲ್ಲಿ ಅವರು ಅದೇ ಹಟ ಹಿಡಿದರು. ಹೋಟೆಲಿನ ವಿಷಯದಲ್ಲಿ ಎರಡೂ ವಾಕ್ಯ ಸರಿ ಇರುವಾಗ ಅಂಕ ಯಾಕೆ ಕಳೆಯಬೇಕು?

“ಹೋಟೆಲಿಗೆ ಅಂಕ ಹಾಕೋದಾದ್ರೆ ಎರಡೂ ಸರಿ, ಸರ್. ನಾವು ಹಾಕ್ತಿರೋದು ತಿದ್ದಿದವರಿಗೆ. ಬರೆದವರು ಹೇಳಿದ್ದು ಅಲ್ಲಿ ಉಳಿದಿದೆಯಾ ಇಲ್ಲವಾ, ಅಷ್ಟೇ.”

“ಆತು. ಆದ್ರ ದೀರ್ಘ ಬಿಟ್ಟಿದ್ದಕ್ಕ ನಾ ಅಂಕ ಕಳೀತೀನಿ” ಅಂದರು. ನಾನೂ ಒಪ್ಪಿದೆ. ಮಾರನೆಯ ದಿನ ಎರಡೂ ಪ್ರತಿಗಳನ್ನು ಒಟ್ಟಿಗೆ ಕೂತು ಸಾಲು ಸಾಲಾಗಿ ನೋಡಿದೆವು. ದೀರ್ಘ ಬಿಟ್ಟವನಿಗೆ ಕೂದಲೆಳೆಯಷ್ಟರಲ್ಲಿ ಮೊದಲ ಬಹುಮಾನ, ಅಂದದ ಪುಟಕ್ಕೆ ಎರಡನೆಯದು.

ಎರಡನೆಯ ಬಹುಮಾನದ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಸ್ಟಾಫ್ ರೂಮಿಗೆ ಬಂದಳು. ನಮ್ಮ ಮದ್ದೂರಿನ ಪಕ್ಕದ ಗೆಜ್ಜಲಗೆರೆಯವಳು.

“ನಂದೆಲ್ಲಿ ತಪ್ಪಾಯ್ತು ಮೇಡಂ?”

ನಾನು ಏನೂ ವಿವರಿಸದೆ ಮೂಲದ ಆ ಸಾಲನ್ನು, ಅವರ ಮನೆಯಲ್ಲಿ ಮಾತಾಡುವ ಧಾಟಿಯಲ್ಲೇ, ಗಟ್ಟಿಯಾಗಿ ಓದಿದೆ. ಅವಳ ಬಾಯಿ ತೆರೆದೇ ಉಳಿಯಿತು.

“ಅಯ್ಯೋ! ನಮ್ಮವ್ವ ದಿನಾ ಬೆಳಿಗ್ಗೆ ‘ಬಸ್ಸಿಗೆ ಒತ್ತಾಯ್ತದೆ ಏಳಮ್ಮಿ’ ಅಂತ ಬಯ್ತಾರೆ ಮೇಡಂ! ಓದ್ವಾಗ ತಿಳೀಲೇ ಇಲ್ಲ ನೋಡಿ.”

ಪಕ್ಕದ ಮೇಜಿನಲ್ಲಿದ್ದ ನನ್ನ ಸಹೋದ್ಯೋಗಿ, “ನನಗೂ ತಿಳೀಲಿಲ್ಲವ್ವಾ, ಬೇಜಾರಾಗಬ್ಯಾಡ” ಎಂದು ಕುರ್ಚಿ ಎಳೆದು ಅವಳನ್ನು ಕೂರಿಸಿದರು. ಮೂವರೂ ಟೀ ತರಿಸಿಕೊಂಡು ಕುಡಿದೆವು. ಈ ವರ್ಷ ಸ್ಪರ್ಧೆಯಲ್ಲಿ ಪ್ರತಿ ರಿವ್ಯೂವನ್ನೂ ಮೊದಲು ಗಟ್ಟಿಯಾಗಿ ಓದಿ ಕೇಳಿಸುತ್ತಿದ್ದೇವೆ. ಓದುವವಳು ಅವಳೇ.