ವೇಪ್ಪಿಲದ ಯುಗಾದಿ

ನನಗೆ ಮಲಯಾಳಂ ಬರುತ್ತದೆಂದು ಒಂದು ಕಾಲದಲ್ಲಿ ನಂಬಿದ್ದವಳು ನಾನೊಬ್ಬಳೇ. ಅರವತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರಿಗೆ ತಿರುವನಂತಪುರದ ಪಕ್ಕದ ತುಂಬಾದಲ್ಲಿ, ರಾಕೆಟ್ಟು ಹಾರಿಸುವ ಕಡೆ, ಕೆಲಸವಾಯಿತು. ಮೈಸೂರಿನ ನೆಂಟರು "ಎಲ್ಲಿ ಕೆಲಸ?" ಎನ್ನುವುದು, ನಾನು "ತುಂಬಾ" ಎನ್ನುವುದು, ಅವರು "ತುಂಬಾ ಏನು? ದೂರಾನಾ?" ಎನ್ನುವುದು ವರ್ಷಗಟ್ಟಲೆ ನಡೆಯಿತು.

ಅಲ್ಲಿಗೆ ಹೋದ ಆರು ತಿಂಗಳಿಗೇ ನಾನೊಂದು ವ್ಯಾಕರಣ ಕಟ್ಟಿಕೊಂಡಿದ್ದೆ: ನಮ್ಮ ಬಕಾರ ತೆಗೆದು ವಕಾರ ಹಾಕಿದರೆ ಮಲಯಾಳಂ. ಬಾ ಎಂದರೆ ವಾ, ಬೇರು ಎಂದರೆ ವೇರು, ಬಾಳೆ ಎಂದರೆ ವಾಳ. ಪಂಡಿತರೂ ತಲೆದೂಗುವ ಮಾತೇ. ಆದರೆ ಪಂಡಿತರು ಯುಗಾದಿಯ ಬೆಳಿಗ್ಗೆ ಬೇವು ಹುಡುಕಿಕೊಂಡು ಹೊರಡುವುದಿಲ್ಲ, ನೋಡಿ.

ಆ ವರ್ಷ ಅತ್ತೆ ಬಂದಿದ್ದರು. ಹಬ್ಬ ಕ್ರಮವಾಗಿ ನಡೆಯದ ಊರಿನಲ್ಲಿ ಮಗ ಇರಕೂಡದು, ಮೈಸೂರಲ್ಲೇ ಬೇರೆ ಕೆಲಸ ನೋಡಿಕೊಳ್ಳಲಿ ಎಂಬುದು ಅವರ ಹಟ. ನನಗೋ ಆ ಬೀದಿ, ಆ ಜನ ಹಿಡಿಸಿಬಿಟ್ಟಿದ್ದರು. ಹಾಗಾಗಿ ಯುಗಾದಿ ನನ್ನ ಪರೀಕ್ಷೆಯಾಯಿತು. ಮಾವಿನೆಲೆ ಸಿಕ್ಕಿತು, ಬೆಲ್ಲ ಸಿಕ್ಕಿತು. ಬೇವಿನ ಮರ ಮಾತ್ರ ಹತ್ತಿರದಲ್ಲೆಲ್ಲೂ ಇರಲಿಲ್ಲ. ಪಕ್ಕದ ಮನೆಯ ಸರಸ್ವತಿಯವರನ್ನು ನಾನು ಅಲ್ಲಿಯವರಂತೆ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆ. ಬೇಲಿಯ ಬಳಿ ನಿಂತು, ನನ್ನ ವ್ಯಾಕರಣವನ್ನು ನೆನೆದು, "ಚೇಚಿ, ಕುರಚ್ಚು ವೇಪ್ಪಿಲ ವೇಣಂ" ಎಂದೆ, ಸ್ವಲ್ಪ ಬೇವಿನೆಲೆ ಬೇಕು ಎಂಬರ್ಥದಲ್ಲಿ. ಐದೇ ನಿಮಿಷದಲ್ಲಿ ತೋಳು ತುಂಬ ಸೊಪ್ಪು ಬಂತು. ಕರಿಬೇವು!

ಅತ್ತೆ ಮೂಸಿ ನೋಡಿ, "ಇದನ್ನ ಒಗ್ಗರಣೆಗೆ ಹಾಕ್ತಾರೆ ಕಣೇ, ವರ್ಷಕ್ಕಲ್ಲ" ಎಂದರು.

ಮತ್ತೆ ಬೇಲಿಗೆ ಓಡಿದೆ. ಕಹಿ ಎಂಬ ಮಾತಿನಲ್ಲಿ ಬಕಾರವೇ ಇಲ್ಲವಲ್ಲ, ವ್ಯಾಕರಣ ಕೈಕೊಟ್ಟಿತು. ಎಲೆ ಅಗಿದಂತೆ ಮಾಡಿ ಮುಖ ಕಿವುಚಿ ತೋರಿಸಿದೆ.

"ಅಯ್ಯೋ, ಆರ್ಯವೇಪ್ಪಾಣೋ! ಆದ್ಯಂ ಪರಯಂಡೇ?" ಎಂದರು ಚೇಚಿ. ಬೇವಿಗೆ ಅಲ್ಲಿ ಆರ್ಯವೇಪ್ಪು ಎನ್ನಬೇಕಂತೆ, ಬರೀ ವೇಪ್ಪಿಲ ಎಂದರೆ ಕರಿಬೇವು; ಮೊದಲೇ ಹೇಳಬಾರದಿತ್ತೇ ಎಂದು. ಹೇಳಿದವರೇ ಕೊಡೆ ಬಿಚ್ಚಿಕೊಂಡು ಹೊರಟುಬಿಟ್ಟರು. ಬಸ್ಸು ಹತ್ತಿ, ತಂಗಿಯ ಮನೆಗೆ ಹೋಗಿ, ಬೆವರು ಸುರಿಸುತ್ತ ಹಿಂತಿರುಗಿದಾಗ ಕೈಯಲ್ಲಿ ಹೂವಿನ ಸಮೇತ ಬೇವಿನ ಟೊಂಗೆ.

ಅತ್ತೆ ಅವರನ್ನು ದೇವರ ಮುಂದೆ ಕೂರಿಸಿ, ಮಗನಿಗಿಂತ ಮೊದಲು ಅವರ ಅಂಗೈಗೆ ಬೇವು ಬೆಲ್ಲ ಹಾಕಿದರು. ಚೇಚಿಯ ಮುಖ ನಾನು ತೋರಿಸಿದ್ದ ಹಾಗೆಯೇ ಕಿವುಚಿತು. ಮೂವರೂ ನಕ್ಕೆವು. ಆಮೇಲೆ ಅತ್ತೆ ಕನ್ನಡದಲ್ಲಿ, ಚೇಚಿ ಮಲಯಾಳಂನಲ್ಲಿ ಗಂಟೆಗಟ್ಟಲೆ ಮಾತಾಡಿದರು. ನನ್ನನ್ನು ಯಾರೂ ಅರ್ಥ ಕೇಳಲಿಲ್ಲ.

ಊಟಕ್ಕೆ ಕೂತಾಗ ಅತ್ತೆ ಮಗನಿಗೆ, "ಇಲ್ಲೇ ಇರಪ್ಪಾ. ಕಹಿ ಕೇಳಿದ್ರೂ ಬಸ್ ಹತ್ತಿ ಹೋಗಿ ತರೋರು ನಂಗೆ ಮೈಸೂರಲ್ಲೂ ಸಿಕ್ಕಿಲ್ಲ" ಎಂದರು. ಎಲೆಯಲ್ಲಿದ್ದ ಮಾವಿನಕಾಯಿ ಚಿತ್ರಾನ್ನದ ತುಂಬ ಚೇಚಿಯ ಕರಿಬೇವು.

ಈಗಲೂ ನಾನು ಬೇವು ಬೆಲ್ಲಕ್ಕೆ ಒಂದೆಸಳು ಕರಿಬೇವು ಸೇರಿಸುತ್ತೇನೆ. ಶಾಸ್ತ್ರ ಬಲ್ಲವರು ಹುಬ್ಬು ಗಂಟಿಕ್ಕುತ್ತಾರೆ. ಸಿಹಿ ಕಹಿಗಳನ್ನು ವರ್ಷ ತಾನಾಗಿಯೇ ತರುತ್ತದೆ, ಒಗ್ಗರಣೆ ಮಾತ್ರ ಪಕ್ಕದ ಮನೆಯಿಂದಲೇ ಬರಬೇಕು ಎಂದು ಅವರಿಗೆ ಯಾವ ವ್ಯಾಕರಣದಲ್ಲಿ ಹೇಳಲಿ?