ಅಡಿಕೋಲಿನ ಅಭ್ಯರ್ಥಿ

ನಮ್ಮ ಬೀದಿಯ ಗಡಿಯಾರ ರಿಪೇರಿಯವರನ್ನು ಎಲ್ಲರೂ ‘ಎಮ್ಮೆಲ್ಲೆ ಸಾಹೇಬ್ರು’ ಎಂದೇ ಕರೆಯುತ್ತಾರೆ. ವಿಧಾನಸಭೆಗೆ ಪಕ್ಷೇತರರಾಗಿ ಆರು ಸಲ ನಿಂತು ಆರು ಸಲವೂ ಸೋತವರು ಅವರು. ಚುನಾವಣೆ ಘೋಷಣೆಯಾದ ಮಾರನೆಯ ಬೆಳಗ್ಗೆಯೇ ಅಂಗಡಿ ಬಾಗಿಲನ್ನು ಅರ್ಧ ಎಳೆದು, ಅಡಿಕೋಲು ಹಿಡಿದು ರಸ್ತೆಗುಂಡಿಗಳ ಆಳ ಅಳೆಯಲು ಹೊರಡುತ್ತಾರೆ. ಉಳಿದ ಅಭ್ಯರ್ಥಿಗಳು ಗುಂಡಿ ಮುಚ್ಚಿಸುತ್ತೇವೆ ಎಂದರೆ, ಇವರು “ಮೂಲೆಮನೆ ಮುಂದಿಂದು ಒಂಬತ್ತೂಕಾಲು ಇಂಚು, ಹೋದ ಸಲಕ್ಕಿಂತ ಎರಡಿಂಚು ಜಾಸ್ತಿ” ಎನ್ನುತ್ತಾರೆ. ಪ್ರತಿ ಮನೆಯ ಮುಂದೆಯೂ ಕೊನೆಯ ಮಾತು ಒಂದೇ: “ಗುರುತು ಇಸ್ತ್ರಿಪೆಟ್ಟಿಗೆ. ವೋಟು ಮಾತ್ರ ದಂಡ ಮಾಡ್ಬೇಡಿ.” “ನಮ್ಮನೆ ಐದೂ ನಿಮ್ಗೇ ಸಾಹೇಬ್ರೇ, ಮಂತ್ರಿ ಆದ್ಮೇಲೆ ನನ್ನ ಗಡಿಯಾರ ಮರೀಬೇಡಿ,” ಎಂದು ದರ್ಜಿ ಕಣ್ಣು ಮಿಟುಕಿಸುತ್ತಾನೆ; ಇವರು ನಗದೆ ಆ ಐದನ್ನು ಬರೆದುಕೊಳ್ಳುತ್ತಾರೆ. ಈ ಸಲ ನಮ್ಮ ಮತಗಟ್ಟೆಯೊಂದರಲ್ಲೇ ಇನ್ನೂರ ಹನ್ನೆರಡು ವೋಟು ಎಂದು ಅವರ ಪುಸ್ತಕ ಹೇಳಿತ್ತು. ಎಣಿಸಿದಾಗ ಬಂದದ್ದು ಒಂದು. “ಬಿಡ್ರಪ್ಪಾ, ಆ ಒಂದೂ ನಂದೇ!” ಎಂದು ಅಂಗಡಿಯಲ್ಲಿ ಎಲ್ಲರಿಗಿಂತ ಮೊದಲು ಅವರೇ ನಕ್ಕರು. ಹಿಂದೆಯೇ ಬೀದಿ ನಕ್ಕಿತು. ಅವರಿಗೆ ವೋಟು ಹಾಕದ ನಾನೂ ನಕ್ಕೆ. ಮರುದಿನ ರಿಪೇರಿಗೆ ಕೊಟ್ಟಿದ್ದ ಗಡಿಯಾರ ತರಲು ಅವರ ಮನೆಗೆ ಹೋದಾಗ, ಒಳಗೆ ಅವರು ಅಡಿಕೋಲಿನ ಮಣ್ಣು ಒರೆಸುತ್ತಾ ಕೂತಿದ್ದರು. ಅವರ ಹೆಂಡತಿ ಬಾಗಿಲಲ್ಲೇ ಗಡಿಯಾರವನ್ನು ನನ್ನ ಕೈಗಿಟ್ಟು ದನಿ ತಗ್ಗಿಸಿದರು: “ಇಸ್ತ್ರಿಪೆಟ್ಟಿಗೆ ಒತ್ತಿದ್ದು ನಾನು ಕಣಪ್ಪ. ಅವರ ವೋಟು ಎಲ್ಲಿಗೆ ಹೋಯ್ತು ಅಂತ ನಾನು ಕೇಳಿಲ್ಲ. ನೀನೂ ಕೇಳ್ಬೇಡ.”